ನೆರೆಯವರ ಸೇವೆಯಲ್ಲಿ ದೇವರನ್ನು ಕಂಡ ಸಂತ ಜೋಸೆಫ್ ವಾಜ್

ನಮ್ಮ ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಹಿರಿಯರು ತಮ್ಮ ಅಜ್ಜ ಅಜ್ಜಿಯರಿಂದ ಕೇಳಿದ ಒಂದು ಮಾತನ್ನು ಇಂದಿಗೂ ನೆನೆಯುತ್ತಾರೆ. ಊರಿಗೆ ಪ್ಲೇಗು ಬಿದ್ದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸಿಡುಬು ಬಂದ ಮನೆಯ ಬಾಗಿಲನ್ನು ಯಾರೂ ತುಳಿಯುತ್ತಿರಲಿಲ್ಲ. ನಡೆಯಬಲ್ಲವರು ನಡೆದು ಪಾರಾದರು. ಏಳಲಾರದವರು ಹಾಸಿಗೆಯಲ್ಲೇ ಉಳಿದರು. ಇದನ್ನು ಹೇಳಿ ಯಾರನ್ನೂ ದೂಷಿಸುವಂತಿಲ್ಲ. ಪ್ರಾಣಭಯ ಮನುಷ್ಯಸಹಜವಾದುದು. ಮಡಿಲಲ್ಲಿ ಹಸುಗೂಸಿದ್ದ ತಾಯಿ ಬೇರೇನು ಮಾಡಿಯಾಳು? ಆದರೆ ಎಲ್ಲರೂ ಹೊರಟುಹೋದ ಮೇಲೆ ಹಿಂದೆ ಉಳಿದವರ ಬಾಯಿಗೆ ನೀರು ಹನಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಉಳಿದೇ ಉಳಿಯುತ್ತದೆ. ಈ ಪ್ರಶ್ನೆಗೆ ತನ್ನ ಇಡೀ ಬಾಳಿನಿಂದ ಉತ್ತರವಿತ್ತ ಒಬ್ಬ ಗುರುವಿನ ಕಥೆಯನ್ನು ಈ ವಾರ ಓದುಗರ ಮುಂದಿಡಬಯಸುತ್ತೇನೆ. ಅವರೇ ಸಂತ ಜೋಸೆಫ್ ವಾಜ್. ಜನವರಿ 16 ಅವರ ಸ್ಮರಣೆಯ ದಿನ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆನೌಲಿಮ್ ಗ್ರಾಮದಲ್ಲಿ. ಅದು ಅವರ ತಾಯಿಯ ತವರೂರು. ತಂದೆ ಕ್ರಿಸ್ತೊವಾವ್ ವಾಜ್ ಸಾಂಕ್ವಾಳ ಗ್ರಾಮದವರು. ತಾಯಿ ಮರಿಯಾ ದ ಮಿರಾಂದಾ. ಆರು ಮಕ್ಕಳಲ್ಲಿ ಜೋಸೆಫ್ ಮೂರನೆಯವರು. ಮನೆಮಾತು ಕೊಂಕಣಿ. ಪೋರ್ಚುಗೀಸ್ ಮತ್ತು ಲ್ಯಾಟಿನ್ ಭಾಷೆಗಳನ್ನು ಬಾಲ್ಯದಲ್ಲಿಯೇ ಕಲಿತರು. ಮುಂದೆ ಗೋವೆಯ ನಗರದಲ್ಲಿ ಯೇಸುಸಭೆಯ ಸಂತ ಪೌಲರ ಕಾಲೇಜಿನಲ್ಲಿಯೂ, ದೊಮಿನಿಕನ್ ಗುರುಗಳು ನಡೆಸುತ್ತಿದ್ದ ಸಂತ ಥಾಮಸ್ ಅಕ್ವಿನಾಸರ ವಿದ್ಯಾಲಯದಲ್ಲಿಯೂ ತತ್ವಶಾಸ್ತ್ರ ಹಾಗೂ ದೈವಶಾಸ್ತ್ರಗಳ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆ ಪಡೆದರು. ದೀಕ್ಷೆಯ ನಂತರ ಅವರು ಪಾದರಕ್ಷೆಗಳನ್ನು ತೊರೆದರು. ಬಡವರು ಬರಿಗಾಲಲ್ಲಿ ನಡೆಯುವ ನೆಲದಲ್ಲಿ ತಾವೂ ಬರಿಗಾಲಲ್ಲೇ ನಡೆಯಬೇಕೆಂಬುದು ಅವರ ನಿಶ್ಚಯವಾಗಿತ್ತು. ಮರುವರ್ಷ ಮಾತೆ ಮರಿಯಮ್ಮನವರಿಗೆ ತಮ್ಮನ್ನು ದಾಸನನ್ನಾಗಿ ಅರ್ಪಿಸಿಕೊಂಡು ಪತ್ರವೊಂದನ್ನು ಬರೆದಿಟ್ಟರು.

ನಮ್ಮ ನಾಡಿಗೂ ಈ ಸಂತರಿಗೂ ಇರುವ ನಂಟನ್ನು ಅನೇಕರು ಅರಿಯರು. 1681ರಲ್ಲಿ ಅವರನ್ನು ಕೆನರಾ ಸೀಮೆಯ ಧರ್ಮಸೇವೆಗೆ ಮುಖ್ಯಸ್ಥರನ್ನಾಗಿ ಕಳುಹಿಸಲಾಯಿತು. ಆಗ ಕರಾವಳಿಯು ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆಯಲ್ಲಿತ್ತು. ಇತ್ತ ನಮ್ಮ ಹರಪನಹಳ್ಳಿಯಲ್ಲಿ ಪಾಳೆಯಗಾರರು ಆಳುತ್ತಿದ್ದರು. ಕರಾವಳಿಯ ಕ್ರೈಸ್ತರ ಸ್ಥಿತಿ ಅಂದು ಚೆನ್ನಾಗಿರಲಿಲ್ಲ. ದೇವಾಲಯಗಳು ಜೀರ್ಣವಾಗಿದ್ದವು. ಗುರುಗಳು ವಿರಳ. ಅದಕ್ಕೂ ಮಿಗಿಲಾಗಿ, ಧರ್ಮಸಭೆಯೊಳಗೇ ಒಡಕು. ಪೋರ್ಚುಗಲ್ ದೊರೆಯ ಹಕ್ಕಿಗೆ ಸೇರಿದ ಗುರುಗಳು ಒಂದು ಪಕ್ಷ, ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷ ಥಾಮಸ್ ದ ಕಾಸ್ತ್ರೊ ಅವರದು ಇನ್ನೊಂದು ಪಕ್ಷ. ಯಾರಿಂದ ಸಂಸ್ಕಾರಗಳನ್ನು ಪಡೆಯಬೇಕೆಂದು ತಿಳಿಯದೆ ಸಾಮಾನ್ಯ ಜನ ಕಂಗೆಟ್ಟಿದ್ದರು. ವಾಜರು ತಮ್ಮನ್ನು ಕಳುಹಿಸಿದವರ ಅಧಿಕಾರವನ್ನು ಎತ್ತಿಹಿಡಿದರಾದರೂ ಎದುರು ಪಕ್ಷದ ಧರ್ಮಾಧ್ಯಕ್ಷರಿಗೆ ಸಲ್ಲಬೇಕಾದ ಗೌರವಕ್ಕೆ ಚ್ಯುತಿ ತರಲಿಲ್ಲ. ವಾದದಲ್ಲಿ ಗೆಲ್ಲುವುದಕ್ಕಿಂತ ಜನರ ಆತ್ಮಶಾಂತಿ ದೊಡ್ಡದೆಂಬುದನ್ನು ನಡೆನುಡಿಯಿಂದ ತೋರಿಸಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿ, ಹೊನ್ನಾವರ ಮೊದಲಾದೆಡೆ ಕಾಲ್ನಡಿಗೆಯಲ್ಲಿ ತಿರುಗಿ ದೇವಾಲಯಗಳನ್ನು ದುರಸ್ತಿಗೊಳಿಸಿದರು, ಮಕ್ಕಳಿಗೆ ಪಾಠ ಹೇಳುವ ಏರ್ಪಾಡು ಮಾಡಿದರು. ದಕ್ಷಿಣ ಕನ್ನಡದ ಮುಡಿಪು ಗುಡ್ಡದಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ರೋಗಿಯೊಬ್ಬರಿಗೆ ಸಂಸ್ಕಾರ ನೀಡಬೇಕೆಂದು ಸುಳ್ಳು ಹೇಳಿ ಅವರನ್ನು ಕೇಡು ಮಾಡಲೆಂದು ಆ ಗುಡ್ಡಕ್ಕೆ ಕರೆದೊಯ್ದಿದ್ದರೆಂದೂ, ಅವರು ತಮ್ಮ ಕೋಲನ್ನು ಊರಿದಲ್ಲಿ ನೀರಿನ ಒರತೆ ಚಿಮ್ಮಿತೆಂದೂ ಅಲ್ಲಿನ ಜನ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ.

1684ರಲ್ಲಿ ಗೋವೆಗೆ ಮರಳಿದ ವಾಜರು ಮರುವರ್ಷ ಕೆಲವು ಗೋವೆಯ ಗುರುಗಳೊಡನೆ ಸೇರಿ ಸಂತ ಫಿಲಿಪ್ ನೇರಿಯವರ ಮಾದರಿಯ ಗುರುಸಂಘದಲ್ಲಿ ಬಾಳತೊಡಗಿದರು. ಆದರೆ ಅವರ ಮನಸ್ಸು ಬೇರೊಂದು ಕಡೆಗೆ ಸೆಳೆಯುತ್ತಿತ್ತು. ಸಿಂಹಳ ದ್ವೀಪದಲ್ಲಿ 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಡಚ್ಚರು ಪೋರ್ಚುಗೀಸರಿಂದ ಕಸಿದುಕೊಂಡಿದ್ದರು. ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರಿಗೆ ಆಶ್ರಯ ನೀಡಿದವರಿಗೂ ಕಠಿಣ ಶಿಕ್ಷೆ ಕಾದಿತ್ತು. ಸುಮಾರು ಮೂವತ್ತು ವರ್ಷಗಳ ಕಾಲ ಅಲ್ಲಿನ ಕಥೋಲಿಕರು ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಸಾಯುವಾಗ ಗುರುವಿನ ಮುಖ ಕಾಣದೆ ಕಳೆದಿದ್ದರು. ಈ ಸುದ್ದಿ ವಾಜರ ನಿದ್ದೆ ಕೆಡಿಸಿತು. 1686ರಲ್ಲಿ ಜಾನ್ ಎಂಬ ನಂಬಿಕೆಯ ಸೇವಕನೊಡನೆ ಅವರು ಗೋವೆಯನ್ನು ಬಿಟ್ಟು ಹೊರಟರು. ಮತ್ತೆಂದೂ ಅವರು ತಾಯ್ನೆಲವನ್ನು ಕಾಣಲಿಲ್ಲ.

ತೂತುಕುಡಿಯಿಂದ ಹಡಗು ಹತ್ತಿ 1687ರಲ್ಲಿ ಅವರು ಸಿಂಹಳವನ್ನು ಸೇರಿದಾಗ ಗುರುವಿನ ನಿಲುವಂಗಿ ಮೈಮೇಲಿರಲಿಲ್ಲ. ಕೂಲಿಯಾಳಿನ ತುಂಡುಬಟ್ಟೆಯನ್ನು ಉಟ್ಟಿದ್ದರು. ಜಾಫ್ನಾದಲ್ಲಿ ಅವರು ಹಾಸಿಗೆ ಹಿಡಿದರು. ರಕ್ತಭೇದಿ ಅವರನ್ನು ಸಾವಿನ ಹೊಸ್ತಿಲಿಗೆ ಒಯ್ದಿತು. ಅಪರಿಚಿತ ಊರು, ಕೈಯಲ್ಲಿ ಕಾಸಿಲ್ಲ, ತಾನು ಯಾರೆಂದು ಬಾಯಿ ಬಿಡುವಂತಿಲ್ಲ. ಆಗ ಕರುಣೆಯುಳ್ಳ ಹೆಂಗಸೊಬ್ಬಳು ತಂದುಕೊಟ್ಟ ಗಂಜಿಯೇ ಅವರ ಪ್ರಾಣ ಉಳಿಸಿತೆಂದು ಅವರ ಚರಿತ್ರೆಯಲ್ಲಿ ಹೇಳಲಾಗಿದೆ. ಓದುಗರು ಈ ಗಂಜಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹತ್ತು ವರ್ಷಗಳ ಬಳಿಕ ಅದು ನೂರ್ಮಡಿಯಾಗಿ ಹಿಂದಿರುಗಿತು.

ಚೇತರಿಸಿಕೊಂಡ ವಾಜರು ಕೊರಳಲ್ಲಿ ಜಪಮಾಲೆ ಧರಿಸಿ ಮನೆಮನೆಗೆ ಭಿಕ್ಷೆ ಬೇಡುತ್ತ ಹೋದರು. ಜಪಮಾಲೆ ಕಂಡು ಯಾರ ಕಣ್ಣು ತೇವವಾಗುವುದೋ ಅವರೇ ಕಥೋಲಿಕರೆಂದು ಗುರುತಿಸಿದರು. ಹಗಲು ಭಿಕ್ಷುಕ, ರಾತ್ರಿ ಗುರು. ಕತ್ತಲಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ಬಲಿಪೂಜೆ ನಡೆಯಿತು. 1689ರ ಕ್ರಿಸ್ಮಸ್ ಸಮಯದಲ್ಲಿ ಡಚ್ಚರು ಜಾಫ್ನಾದ ಕಥೋಲಿಕರ ಮೇಲೆ ದಾಳಿ ಮಾಡಿ ಅನೇಕರನ್ನು ಸೆರೆಹಿಡಿದರು. ಗುರು ಮಾತ್ರ ಸಿಕ್ಕಲಿಲ್ಲ. ಅಲ್ಲಿಂದ ಪುತ್ತಳಂ, ಬಳಿಕ 1692ರಲ್ಲಿ ದ್ವೀಪದ ನಡುಭಾಗದ ಕ್ಯಾಂಡಿ. ಅಲ್ಲಿ ಎರಡನೆಯ ವಿಮಲಧರ್ಮಸೂರ್ಯ ಎಂಬ ಬೌದ್ಧ ಅರಸನ ರಾಜ್ಯ. ಪೋರ್ಚುಗೀಸರ ಗೂಢಚಾರನೆಂಬ ಸುಳ್ಳು ದೂರಿನಿಂದ ವಾಜರು ಸೆರೆಮನೆ ಸೇರಿದರು. ಆ ಬಂಧನದ ದಿನಗಳನ್ನೂ ಅವರು ವ್ಯರ್ಥಗೊಳಿಸಲಿಲ್ಲ. ಸಿಂಹಳ ಭಾಷೆಯನ್ನು ಕಲಿತರು. ಬರಗಾಲ ಬಂದಾಗ ಅರಸನ ಕೋರಿಕೆಯಂತೆ ಅವರು ಪ್ರಾರ್ಥಿಸಲು ಮಳೆ ಸುರಿಯಿತೆಂದು ಸಂಪ್ರದಾಯ ಹೇಳುತ್ತದೆ. ಮುಗಿಲು ನೋಡುತ್ತ ಮುಂಗಾರು ಕಳೆಯುವ ನಮ್ಮ ಕೂಡ್ಲಿಗಿ, ಕೊಟ್ಟೂರಿನ ರೈತರಿಗೆ ಆ ಮಳೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಅರಸನು ಅವರಿಗೆ ರಾಜ್ಯದಲ್ಲಿ ಸಂಚರಿಸುವ ಸ್ವಾತಂತ್ರ್ಯ ನೀಡಿದನು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಸಿಡುಬಿಗೆ ಲಸಿಕೆ ಕಂಡುಹಿಡಿಯಲು ಇನ್ನೂ ನೂರು ವರ್ಷ ಕಾಯಬೇಕಿತ್ತು. ಅರಸನು ನಗರ ಬಿಟ್ಟನು. ಆಸ್ಥಾನದವರು, ಸಿರಿವಂತರು, ನಡೆಯಬಲ್ಲವರೆಲ್ಲರೂ ಹೊರಟರು. ರೋಗಿಗಳನ್ನು ಅವರ ಬಂಧುಗಳೇ ಕಾಡಿನಲ್ಲಿ ಬಿಟ್ಟು ಬಂದರು. ಹೆಣಗಳು ಬೀದಿಯಲ್ಲಿ ಬಿದ್ದವು. ಹೋಗಲು ವಾಜರಿಗೂ ದಾರಿಯಿತ್ತು. ಹೋಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ದ್ವೀಪದ ಕಥೋಲಿಕರಿಗೆ ಗುರುಗಳೇ ಕಡಿಮೆಯಿರುವಾಗ ಪ್ರಾಣ ಉಳಿಸಿಕೊಳ್ಳುವುದೇ ಕರ್ತವ್ಯವೆಂದು ವಾದಿಸಲು ಕಾರಣವೂ ಇತ್ತು. ಆದರೆ ಅವರು ಉಳಿದರು. ಅವರ ಸೋದರಳಿಯ ಜೋಸೆಫ್ ಕಾರ್ವಾಲೊ ಗುರುಗಳೂ ಈ ಸೇವೆಯಲ್ಲಿ ಜೊತೆಗೂಡಿದರು. ಬಿಟ್ಟುಹೋದ ರೋಗಿಗಳನ್ನು ಹುಡುಕಿ, ತಂಗಲು ನೆರಳು ಮಾಡಿಕೊಟ್ಟು, ಅವರ ಹುಣ್ಣುಗಳನ್ನು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ತಮ್ಮ ಕೈಯಿಂದಲೇ ಮಣ್ಣು ಮಾಡಿದರು. ಇವರು ಕಥೋಲಿಕರೋ ಬೌದ್ಧರೋ ಎಂದು ಕೇಳಲಿಲ್ಲ. ರೋಗ ಇಳಿದ ಮೇಲೆ ಮರಳಿದ ಅರಸನು, ಈ ಗುರುಗಳು ಇಲ್ಲದಿದ್ದರೆ ಬೀದಿಗಳು ಹೆಣಗಳಿಂದ ತುಂಬಿರುತ್ತಿದ್ದವೆಂದು ಒಪ್ಪಿಕೊಂಡನೆಂದು ಚರಿತ್ರೆ ತಿಳಿಸುತ್ತದೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಈ ಧೈರ್ಯ ಎಲ್ಲಿಂದ ಬಂತು? ವಾಜರು ಓದಿದ ಸಂತ ಥಾಮಸ್ ಅಕ್ವಿನಾಸರ ತತ್ವಶಾಸ್ತ್ರವನ್ನೇ ನಮ್ಮಂತಹ ಗುರುಗಳೂ ಗುರುವಿದ್ಯಾಮಂದಿರದಲ್ಲಿ ಓದಿದ್ದೇವೆ. ಅದರ ಪ್ರಕಾರ ಪ್ರೀತಿಯೆಂಬುದು ಮನಸ್ಸಿನಲ್ಲಿ ಉಕ್ಕಿ ಇಳಿಯುವ ಭಾವ ಮಾತ್ರವಲ್ಲ. ಇನ್ನೊಬ್ಬರ ಒಳಿತನ್ನು ಬಯಸಿ ಅದಕ್ಕಾಗಿ ಮುಂದಾಗುವ ಸಂಕಲ್ಪ. ಸದ್ಗುಣವು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಸಣ್ಣ ಸಣ್ಣ ಕ್ರಿಯೆಗಳ ಅಭ್ಯಾಸದಿಂದ ಅದು ಸ್ವಭಾವವಾಗುತ್ತದೆ. ಅದರ ಮೇಲೆ ದೇವರ ಕೃಪೆ ಇಳಿಯುತ್ತದೆ. 1697ರ ವಾಜರು ಆ ವರ್ಷ ದಿಢೀರನೆ ಹುಟ್ಟಿದವರಲ್ಲ. ಸಾಂಕ್ವಾಳದಲ್ಲಿ ಬರಿಗಾಲಲ್ಲಿ ನಡೆದಾಗ, ಕೆನರಾದಲ್ಲಿ ಎದುರಾಳಿಯನ್ನು ಗೌರವಿಸಿದಾಗ, ಜಾಫ್ನಾದಲ್ಲಿ ಅನಾಥರಂತೆ ಬಿದ್ದು ಅಪರಿಚಿತಳ ಕೈಯ ಗಂಜಿ ಕುಡಿದಾಗ ಆ ಗುರು ಸಿದ್ಧರಾಗುತ್ತಿದ್ದರು. ಕೈಬಿಟ್ಟ ರೋಗಿಯ ಸಂಕಟವನ್ನು ಅವರು ಪುಸ್ತಕದಿಂದ ಕಲಿತಿರಲಿಲ್ಲ. ಪ್ರತಿದಿನ ಪರಮಪ್ರಸಾದದಲ್ಲಿ ತಾವು ಆರಾಧಿಸಿದ ಪ್ರಭುವನ್ನೇ ಕಾಡಿನಲ್ಲಿ ಬಿದ್ದ ದೇಹಗಳಲ್ಲಿ ಅವರು ಕಂಡರು. ದೇವರ ಮೇಲಿನ ಪ್ರೀತಿ ಮತ್ತು ನೆರೆಯವರ ಮೇಲಿನ ಪ್ರೀತಿ ಎರಡು ಬೇರೆ ಬೇರೆ ಹೊಳೆಗಳೆಂದು ಅವರಿಗೆ ತೋರಲೇ ಇಲ್ಲ.

ಮುಂದಿನ ವರ್ಷಗಳಲ್ಲಿ ಗೋವೆಯಿಂದ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಧರ್ಮಸಾಹಿತ್ಯವನ್ನು ರಚಿಸಿ ಹೆಸರಾದರು. ವಾಜರನ್ನು ಧರ್ಮಾಧ್ಯಕ್ಷರನ್ನಾಗಿಸುವ ಪ್ರಸ್ತಾಪ ಬಂದಾಗ ಅವರು ಒಪ್ಪಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಮುಚ್ಚಿದರು. ಅವರ ಸಮಾಧಿ ಎಲ್ಲಿದೆಯೆಂದು ಇಂದು ಯಾರಿಗೂ ತಿಳಿಯದು. ಜಗದ್ಗುರು ದ್ವಿತೀಯ ಜಾನ್ ಪಾಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು.

ಸಿಡುಬು ಈಗ ಇಲ್ಲ. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ಆದರೆ ಓಡಿಹೋಗುವ ಭಯ ನಮ್ಮನ್ನು ಬಿಟ್ಟಿಲ್ಲ. 2020ರಲ್ಲಿ ಕೊರೊನಾ ಬಂದಾಗ ಹೆತ್ತವರ ಶವ ಮುಟ್ಟಲು ಮಕ್ಕಳು ಹಿಂಜರಿದದ್ದನ್ನು ನಾವೆಲ್ಲರೂ ಕಂಡೆವು. ಅದೇ ದಿನಗಳಲ್ಲಿ, ತಮ್ಮ ಹೆಸರು ಎಲ್ಲಿಯೂ ಬರದಿದ್ದರೂ ನೆರೆಮನೆಯ ಬಾಗಿಲಲ್ಲಿ ಊಟದ ಬುತ್ತಿ ಇಟ್ಟು ಬಂದವರನ್ನೂ ಕಂಡೆವು.

ನಮ್ಮ ಐದೂ ತಾಲ್ಲೂಕುಗಳಲ್ಲಿ ಕಥೋಲಿಕರು ಬೆರಳೆಣಿಕೆಯಷ್ಟು ಮನೆಗಳವರು. ದೊಡ್ಡ ಸಂಸ್ಥೆ ಕಟ್ಟುವ ಶಕ್ತಿ ನಮಗಿಲ್ಲವೆಂದು ಕೊರಗುವುದುಂಟು. ವಾಜರ ಬಳಿ ಯಾವ ಸಂಸ್ಥೆಯಿತ್ತು? ಮಳೆ ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರು ಬೆಂಗಳೂರಿಗೆ ಕೂಲಿಗೆ ಹೊರಟರೆ ಹಳ್ಳಿಯ ಮನೆಗಳಲ್ಲಿ ಮುದುಕರು ಮಾತ್ರ ಉಳಿಯುತ್ತಾರೆ. ಕಣ್ಣು ಮಂಜಾದ ಒಬ್ಬ ಅಜ್ಜಿಗೆ ವಾರಕ್ಕೊಮ್ಮೆ ಮಾತ್ರೆ ತಂದುಕೊಡುವುದು, ಬಾಣಂತಿಯನ್ನು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಕರೆದೊಯ್ಯಲು ಜೊತೆಯಾಗುವುದು, ಬದುವಿನ ಜಗಳದಿಂದ ಮಾತು ಬಿಟ್ಟ ಅಣ್ಣನ ಮನೆಗೆ ಮೊದಲು ತಾನೇ ಹೋಗುವುದು: ಪ್ರೀತಿಯ ಅಭ್ಯಾಸ ಆರಂಭವಾಗುವುದು ಇಲ್ಲಿಂದಲೇ. ಕೊಟ್ಟೂರಿನ ರಥೋತ್ಸವಕ್ಕೆ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಊಟ ನೀಡುವ ನಮ್ಮ ಜನ, ಬಂದವರ ಕುಲಗೋತ್ರ ಕೇಳುವುದಿಲ್ಲ. ಕ್ರೈಸ್ತರಾದ ನಾವು ಅವರಿಂದಲೂ ಕಲಿಯಬೇಕಾದುದಿದೆ.

ದೊಡ್ಡ ಪರೀಕ್ಷೆಯ ದಿನ ನಾವು ಉಳಿಯುವೆವೋ ಓಡುವೆವೋ ಎಂಬುದನ್ನು ಇಂದೇ ಹೇಳಲಾಗದು. ಆದರೆ ಆ ದಿನದ ಉತ್ತರವನ್ನು ನಾವು ಇಂದಿನ ಸಣ್ಣ ಕೆಲಸಗಳಲ್ಲಿ ಬರೆಯುತ್ತಿದ್ದೇವೆ. ಈ ವಾರ ನಮ್ಮ ಬೀದಿಯಲ್ಲಿ ಯಾರ ಮನೆಯ ಬಾಗಿಲನ್ನು ಯಾರೂ ತುಳಿಯುತ್ತಿಲ್ಲವೋ ಆ ಮನೆಯನ್ನು ಹುಡುಕಿ ಹೋಗೋಣ. ಹೋಗುವಾಗ ಒಂದು ಬಟ್ಟಲು ಗಂಜಿಯೂ ಜೊತೆಗಿರಲಿ.