ಸಮುದ್ರಮಟ್ಟದಿಂದ ಹತ್ತಿದ ಹುಡುಗ

1977ರಲ್ಲಿ ನಾಸಾ ಎರಡು ವಾಯೇಜರ್ ನೌಕೆಗಳನ್ನು ಹಾರಿಬಿಟ್ಟಿತು. ಎರಡರಲ್ಲೂ ಚಿನ್ನದ ಲೇಪನದ ಒಂದೊಂದು ತಾಮ್ರದ ತಟ್ಟೆ. ಮುಂದೆಂದಾದರೂ ಬೇರೆ ಲೋಕದ ಜೀವಿಗಳ ಕೈಗೆ ಸಿಕ್ಕರೆ ಭೂಮಿಯಲ್ಲಿ ನಾವು ಹೀಗಿದ್ದೆವು ಎಂದು ತಿಳಿಯಲಿ ಅಂತ ಅದರೊಳಗೆ ಹಾಡು, ಚಿತ್ರ ಮತ್ತು 55 ಭಾಷೆಗಳ ಶುಭಾಶಯಗಳನ್ನು ತುಂಬಿದ್ದಾರೆ. ಆ ಭಾಷೆಗಳಲ್ಲಿ ನಮ್ಮ ಕನ್ನಡವೂ ಇದೆ. ಕನ್ನಡ ಇದೆ ಎಂಬ ಖುಷಿಯಲ್ಲೇ ತಟ್ಟೆಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಒಂದು ಚಿತ್ರದ ಹತ್ತಿರ ಬೆರಳು ನಿಂತುಬಿಟ್ಟಿತು. ಸೂಜಿಯ ಮೊನೆಯಂಥ ಬಂಡೆ, ಅದರ ತುತ್ತತುದಿಯಲ್ಲಿ ಒಬ್ಬ ಮನುಷ್ಯ. ಬಸ್‌ಸ್ಟಾಪಿನಲ್ಲಿ ನಿಂತಷ್ಟು ಆರಾಮಾಗಿ ನಿಂತಿದ್ದಾನೆ. ಹೆಸರು ಗಾಸ್ಟನ್ ರೆಬುಫಾ. ಫ್ರಾನ್ಸಿನವನು, ವೃತ್ತಿಯಿಂದ ಪರ್ವತದ ಗೈಡ್.

ಆತನ ಬದುಕನ್ನು ಹುಡುಕಿ ಓದಿದ ಮೇಲೆ ನನಗೆ ಹಿಡಿಸಿದ್ದು ಆ ಬಂಡೆಯ ಎತ್ತರಕ್ಕಿಂತ ಆತ ಹತ್ತಲು ಶುರು ಮಾಡಿದ ಜಾಗ.

ರೆಬುಫಾ ಹುಟ್ಟಿದ್ದು 1921ರ ಮೇ 7ರಂದು, ಮಾರ್ಸೇ ನಗರದಲ್ಲಿ. ಮೆಡಿಟರೇನಿಯನ್ ಸಮುದ್ರದ ದಡದ ದೊಡ್ಡ ಬಂದರು ಅದು. ಹಡಗು, ಮೀನು, ಬಿಸಿಲಿನ ಊರು. ಹಿಮ ಕಾಣಬೇಕೆಂದರೆ ದೂರದ ಆಲ್ಪ್ಸ್‌ಗೆ ಹೋಗಬೇಕು. ಆದರೆ ಊರಿನ ದಕ್ಷಿಣದ ಅಂಚಿನಲ್ಲಿ ಮನೆಗಳು ಮುಗಿದ ಕೂಡಲೇ ಬಿಳಿ ಸುಣ್ಣಕಲ್ಲಿನ ಗುಡ್ಡಗಳು ಎದ್ದು ನಿಲ್ಲುತ್ತವೆ. ಅಲ್ಲಿಂದ ಕಸ್ಸಿ ಎಂಬ ಪುಟ್ಟ ಬಂದರಿನವರೆಗೆ ಸಮುದ್ರಕ್ಕೆ ಅಂಟಿಕೊಂಡೇ ಈ ಸಾಲು ಹಬ್ಬಿದೆ. ಕಡಿದಾದ ಬಂಡೆಗಳ ನಡುವೆ ಸಮುದ್ರ ಕಿರಿದಾಗಿ ಒಳಗೆ ನುಗ್ಗಿದ ಜಾಗಕ್ಕೆ ಅಲ್ಲಿನವರು ಕಲಾಂಕ್ ಎನ್ನುತ್ತಾರೆ. ಇಡೀ ಗುಡ್ಡಸಾಲಿಗೂ ಅದೇ ಹೆಸರು.

ಎತ್ತರ ಕೇಳಿದರೆ ನಗು ಬರಬಹುದು. ಊರಿಗೆ ಹತ್ತಿರದ ಮಾರ್ಸೇವೇರ್ 432 ಮೀಟರ್. ಎಲ್ಲಕ್ಕಿಂತ ಎತ್ತರದ ಪ್ಯುಜೆ ಶಿಖರ ಸುಮಾರು 565 ಮೀಟರ್. ಆದರೆ ಇಲ್ಲಿ ಲೆಕ್ಕ ನಿಜವಾಗಿಯೂ ಸೊನ್ನೆಯಿಂದ ಶುರುವಾಗುತ್ತದೆ. ಅಲೆ ಬಡಿಯುವ ಕಲ್ಲಿನ ಮೇಲೆ ಮೊದಲ ಹೆಜ್ಜೆ ಇಟ್ಟರೆ ಶಿಖರದವರೆಗೆ ಒಂದು ಮೀಟರಿನ ರಿಯಾಯಿತಿಯೂ ಇಲ್ಲ. ದಾರಿಯಲ್ಲಿ ತೊರೆಯಿಲ್ಲ, ಬೇಕಾದ ನೀರನ್ನೆಲ್ಲ ಬೆನ್ನ ಮೇಲೆ ಹೊರಬೇಕು. ನೆರಳು ಕಡಿಮೆ, ಬಿಳಿ ಕಲ್ಲು ಬಿಸಿಲನ್ನು ಮುಖಕ್ಕೇ ಎರಚುತ್ತದೆ. ಮಿಸ್ಟ್ರಲ್ ಎಂಬ ಉತ್ತರದ ಗಾಳಿ ಎದ್ದರಂತೂ ಏಣಿನ ಮೇಲೆ ನಿಲ್ಲುವುದೇ ಕಷ್ಟ. ಜನ ತುಳಿದು ತುಳಿದು ನುಣುಪಾದ ಕಡೆ ಸುಣ್ಣಕಲ್ಲು ಗಾಜಿನ ಹಾಗೆ ಜಾರುತ್ತದೆ.

ಹದಿಹರೆಯದ ರೆಬುಫಾನಿಗೆ ಇದೇ ಪಾಠಶಾಲೆ. ಅಲ್ಲಿ ನಡೆದ, ಹತ್ತಿದ, ಹಗ್ಗ ಹಿಡಿಯುವುದನ್ನು ಕಲಿತ. ಮುಂದೆ ಆಲ್ಪ್ಸ್‌ನ ಅತಿ ಕಠಿಣ ಗೋಡೆಗಳಲ್ಲಿ ಜನ ಬೆರಗಾಗಿ ನೋಡಿದ ಆತನ ಶೈಲಿಯ ಬೇರು ಇಲ್ಲೇ ಇದೆ. ಬಂಡೆಯನ್ನು ತಬ್ಬಿಕೊಂಡು ಒದ್ದಾಡದೆ, ಮೈಯನ್ನು ಕಲ್ಲಿನಿಂದ ದೂರ ಇಟ್ಟು, ಭಾರವನ್ನೆಲ್ಲ ಪಾದಕ್ಕೆ ಬಿಟ್ಟು ಹತ್ತುವ ಶೈಲಿ ಅದು. ನಮ್ಮ ಮೆಕ್ಯಾನಿಕ್ಸ್ ಭಾಷೆಯಲ್ಲಿ ಹೇಳುವುದಾದರೆ ಭಾರ ನೇರವಾಗಿ ಕಾಲಿನ ಮೇಲೆ ಬಿದ್ದಾಗ ಪಾದಕ್ಕೂ ಕಲ್ಲಿಗೂ ನಡುವಿನ ಘರ್ಷಣೆ ಹೆಚ್ಚುತ್ತದೆ, ಕೈ ದಣಿಯುವುದಿಲ್ಲ. ಲಿಫ್ಟಿನ ಬಾಗಿಲನ್ನು ಕೈಯಿಂದ ಬಿಡಿಸುವಾಗ ಮೊಣಕೈ ಹೊರಗೆ ಚಾಚಿ ಒತ್ತುತ್ತೇವಲ್ಲ, ಬಂಡೆಯ ಮೇಲೆ ಆ ರೀತಿಯ ಹಿಡಿತಕ್ಕೆ ಇವತ್ತಿಗೂ ಜಗತ್ತಿನ ಆರೋಹಿಗಳು ‘ಗಾಸ್ಟನ್’ ಎಂದೇ ಹೆಸರಿಟ್ಟು ಕರೆಯುತ್ತಾರೆ.

1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಆ ಕಾಲದಲ್ಲಿ ಯುವಕರನ್ನು ಬೆಟ್ಟಗಳಲ್ಲಿ ಇಟ್ಟು ತರಬೇತಿ ಕೊಡುವ ಸಂಸ್ಥೆಯೊಂದು ಹುಟ್ಟಿಕೊಂಡಿತು. ರೆಬುಫಾ ಅದಕ್ಕೆ ಸೇರಿದ. ಜೀವದ ಗೆಳೆಯನಾದ ಲಿಯೊನೆಲ್ ಟೆರೇ ಸಿಕ್ಕಿದ್ದು ಅಲ್ಲೇ. ಗೈಡ್ ಪ್ರಮಾಣಪತ್ರಕ್ಕೆ ಕನಿಷ್ಠ ವಯಸ್ಸು 23 ಇದ್ದರೂ 1942ರಲ್ಲಿ, 21ಕ್ಕೇ ಅದನ್ನು ಆತನಿಗೆ ಕೊಟ್ಟರು. ಪ್ರಮಾಣಪತ್ರವೇನೋ ಸಿಕ್ಕಿತು, ಕೆಲಸ? ಮೌಂಟ್ ಬ್ಲಾಂಕ್ ಬುಡದ ಶಾಮೊನಿ ಊರಿನಲ್ಲಿ ಗೈಡ್‌ಗಳ ಸಂಘವೊಂದಿದೆ. 1821ರಲ್ಲಿ ಶುರುವಾದದ್ದು. ಅಪ್ಪನಿಂದ ಮಗನಿಗೆ ವೃತ್ತಿ ಇಳಿದು ಬರುವ ಜಾಗ ಅದು. ಕಣಿವೆಯಲ್ಲಿ ಹುಟ್ಟದವರಿಗೆ ಅಲ್ಲಿ ಜಾಗ ಸಿಗುವುದು ಅಪರೂಪ. ಕಡಲ ತೀರದ ಈ ಹುಡುಗ ಆ ಅಪರೂಪದವರಲ್ಲಿ ಒಬ್ಬನಾದ. ವಶೀಲಿ, ಮನೆತನ ಏನೂ ಇಲ್ಲದೆ ಕೆಲಸ ಹುಡುಕುವ ನಮ್ಮಂಥವರಿಗೆ ಈ ಭಾಗ ಓದುವಾಗ ಬೆನ್ನು ನೆಟ್ಟಗಾಗುತ್ತದೆ.

1945ರಲ್ಲಿ ಎದುವಾರ್ ಫ್ರಾಂದೊ ಜೊತೆ ಗ್ರಾಂಡ್ ಜೊರಾಸ್‌ನ ಉತ್ತರ ಗೋಡೆ. 1948ರಲ್ಲಿ ಬರ್ನಾರ್ ಪಿಯರ್ ಎಂಬ ಹವ್ಯಾಸಿ ಆರೋಹಿಯೊಂದಿಗೆ ಪಿತ್ಸ್ ಬಡೀಲೆ. ಬಳಿಕ ಮ್ಯಾಟರ್‌ಹಾರ್ನ್. 1952ರಲ್ಲಿ ಐಗರ್. ಐಗರ್‌ನಲ್ಲಿ ಹವಾಮಾನ ಕೈಕೊಟ್ಟಿತು. ದಾರಿಯಲ್ಲಿ ಸಿಕ್ಕ ಬೇರೆ ತಂಡದವರೂ ಸೇರಿ ಒಂಬತ್ತು ಮಂದಿ ಬಿರುಗಾಳಿಯ ನಡುವೆ ಬದುಕಿ ಮೇಲೆ ಬಂದರು. ಆಲ್ಪ್ಸ್‌ನ ಆರು ಮಹಾ ಉತ್ತರ ಗೋಡೆಗಳನ್ನೂ ಹತ್ತಿದ ಮೊದಲ ಮನುಷ್ಯ ರೆಬುಫಾ.

ಇಷ್ಟೇ ಆಗಿದ್ದರೆ ಇದು ದಾಖಲೆಗಳ ಪಟ್ಟಿಯಾಗುತ್ತಿತ್ತು. ನನ್ನನ್ನು ನಿದ್ದೆಗೆಡಿಸಿದ್ದು 1950ರ ಅನ್ನಪೂರ್ಣಾ.

8,091 ಮೀಟರಿನ ಆ ಪರ್ವತಕ್ಕೆ ಹೊರಟ ಫ್ರೆಂಚ್ ತಂಡದಲ್ಲಿ ರೆಬುಫಾ, ಟೆರೇ ಇಬ್ಬರೂ ಇದ್ದರು. ನಾಯಕ ಮೋರಿಸ್ ಎರ್ಜೋಗ್. ಅಲ್ಲಿಯವರೆಗೆ 8,000 ಮೀಟರ್ ದಾಟಿದ ಯಾವ ಶಿಖರವನ್ನೂ ಮನುಷ್ಯ ಹತ್ತಿರಲಿಲ್ಲ. ಜೂನ್ 3ರಂದು ಎರ್ಜೋಗ್ ಮತ್ತು ಲೂಯಿ ಲಾಶೆನಾಲ್ ತುದಿ ಮುಟ್ಟಿದರು. ಅದೇ ದಿನ ರೆಬುಫಾ, ಟೆರೇ ಕೊನೆಯ ಶಿಬಿರಕ್ಕೆ ಬಂದಿದ್ದರು. ಮರುದಿನ ಅವರ ಸರದಿ. ಅಷ್ಟರಲ್ಲಿ ಮೇಲಿನಿಂದ ಇಬ್ಬರೂ ಇಳಿದು ಬಂದರು. ಎರ್ಜೋಗ್‌ನ ಕೈಗವಸು ಕಳೆದುಹೋಗಿತ್ತು, ಬೆರಳುಗಳು ಮರಗಟ್ಟಿದ್ದವು. ಲಾಶೆನಾಲ್‌ನ ಪಾದಗಳೂ ಹಾಗೇ.

ಆ ರಾತ್ರಿ ರೆಬುಫಾ, ಟೆರೇ ಮಲಗಲಿಲ್ಲ. ಒಬ್ಬೊಬ್ಬರು ಒಬ್ಬೊಬ್ಬರ ಕೈಕಾಲುಗಳನ್ನು ಉಜ್ಜಿ, ಹಗ್ಗದ ತುದಿಯಿಂದ ಬಡಿದು ರಕ್ತ ಹರಿಯುವಂತೆ ಮಾಡಲು ಹೆಣಗಿದರು. ಬೆಳಗಾದಾಗ ಶಿಖರದ ಕಡೆಗೆ ಮುಖ ಮಾಡಲಿಲ್ಲ, ಗಾಯಾಳುಗಳನ್ನು ಕರೆದುಕೊಂಡು ಕೆಳಗೆ ಹೊರಟರು. ಹಿಮ ಸುರಿದು ದಾರಿ ತಪ್ಪಿತು. ದಾರಿ ಕಾಣಲೆಂದು ಇಬ್ಬರೂ ಕಪ್ಪು ಕನ್ನಡಕ ತೆಗೆದರು. ರಾತ್ರಿಯಾದಾಗ ಲಾಶೆನಾಲ್ ಜಾರಿ ಬಿದ್ದ ಹಿಮಬಿರುಕೇ ನಾಲ್ವರಿಗೂ ಆಸರೆಯಾಯಿತು. ಇದ್ದದ್ದು ಒಂದೇ ಮಲಗುಚೀಲ. ಬೆಳಿಗ್ಗೆ ಹಿಮ ಕುಸಿದು ಮೈಮೇಲೆ ಬಿತ್ತು, ಬೂಟುಗಳೆಲ್ಲ ಹೂತುಹೋದವು. ಅಷ್ಟು ಹೊತ್ತಿಗೆ ಕನ್ನಡಕ ತೆಗೆದಿದ್ದ ಇಬ್ಬರಿಗೂ ಹಿಮದ ಬೆಳಕಿಗೆ ಕಣ್ಣು ಕಾಣದಾಗಿತ್ತು. ನಡೆಯಬಲ್ಲವರಿಗೆ ಕಣ್ಣಿಲ್ಲ, ಕಣ್ಣಿದ್ದವರಿಗೆ ಕಾಲಿಲ್ಲ. ಸಹಚರ ಮಾರ್ಸೆಲ್ ಶಾಟ್ಸ್ ಹುಡುಕಿಕೊಂಡು ಬಂದದ್ದರಿಂದ ಎಲ್ಲರೂ ಬದುಕಿದರು.

ಎರ್ಜೋಗ್ ದೇಶದ ವೀರನಾದ, ಮುಂದೆ ಮಂತ್ರಿಯೂ ಆದ. ಉಳಿದವರು ಐದು ವರ್ಷ ಏನನ್ನೂ ಪ್ರಕಟಿಸುವಂತಿಲ್ಲ ಎಂದು ಹೊರಡುವ ಮುಂಚೆಯೇ ಸಹಿ ಹಾಕಿಸಿಕೊಂಡಿದ್ದರು. ರೆಬುಫಾನಿಗೆ ಈ ಬಗ್ಗೆ ಕಹಿ ಇತ್ತು. ಆದರೆ ಬದುಕಿರುವಷ್ಟು ಕಾಲ ಅದನ್ನು ಬೀದಿಗೆ ತರಲಿಲ್ಲ. ಆತ ತೀರಿಕೊಂಡು ಎಷ್ಟೋ ವರ್ಷಗಳ ನಂತರ, 1996ರಲ್ಲಿ ಬಂದ ಜೀವನಚರಿತ್ರೆಯಿಂದ ಆ ಕಹಿ ಜನರಿಗೆ ತಿಳಿಯಿತು.

ನನ್ನ ಪ್ರಶ್ನೆ ಇಷ್ಟೆ: ಆ ರಾತ್ರಿ ರೆಬುಫಾ ಸೋತನೇ? ನಮ್ಮ ಹಾಸ್ಟೆಲಿನಲ್ಲಿ ಈಗ ಬಾಯಿ ತೆರೆದರೆ ಪ್ಲೇಸ್‌ಮೆಂಟ್ ಮಾತು. ಯಾರಿಗೆ ಯಾವ ಕಂಪನಿ, ಎಷ್ಟು ಲಕ್ಷದ ಪ್ಯಾಕೇಜ್. ಆ ಲೆಕ್ಕದಲ್ಲಿ ರೆಬುಫಾ ಕೊನೆಯ ಸುತ್ತಿನಲ್ಲಿ ಹೊರಬಿದ್ದ ಅಭ್ಯರ್ಥಿ. ಆದರೆ ಗೈಡ್ ಎಂಬ ವೃತ್ತಿಯ ಅಳತೆಗೋಲೇ ಬೇರೆ. ಹಗ್ಗದ ಇನ್ನೊಂದು ತುದಿಯಲ್ಲಿರುವವನು ಮನೆ ಮುಟ್ಟಿದನೇ ಎಂಬುದೊಂದೇ ಅಲ್ಲಿನ ಪರೀಕ್ಷೆ. ಸೇತುವೆ ಕಟ್ಟುವವನಿಗೂ, ಆಸ್ಪತ್ರೆಯ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವನಿಗೂ ಕೊನೆಗೆ ಇದೇ ಪರೀಕ್ಷೆ ತಾನೇ? ನಮ್ಮ ಸಿಲಬಸ್ಸಿನಲ್ಲಿ ಇದಕ್ಕೆ ಅಂಕವಿಲ್ಲ, ಅಷ್ಟೆ.

ಅನ್ನಪೂರ್ಣಾದ ನಂತರ ರೆಬುಫಾ ಮತ್ತೆ ತನ್ನ ಹಗ್ಗಕ್ಕೇ ಮರಳಿದ. ಗಿರಾಕಿಗಳನ್ನು ಬೆಟ್ಟಕ್ಕೆ ಕರೆದೊಯ್ದ, ಪುಸ್ತಕ ಬರೆದ, ಸಿನಿಮಾ ಮಾಡಿದ. 1954ರ ‘ನಕ್ಷತ್ರಗಳು ಮತ್ತು ಬಿರುಗಾಳಿಗಳು’ ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ಆರು ಗೋಡೆಗಳ ಕಥೆಯಿದೆ. ಪರ್ವತವೆಂದರೆ ಯುದ್ಧಭೂಮಿ ಎಂದು ಬರೆಯುತ್ತಿದ್ದ ಕಾಲದಲ್ಲಿ ಆತ ಸ್ನೇಹದ, ಸಂತೋಷದ ಮಾತಾಡಿದ. ಹುಟ್ಟೂರಿನ ಗುಡ್ಡಗಳನ್ನೂ ಮರೆಯದೆ ಕಲಾಂಕ್‌ಗೆ ಬರುವವರಿಗಾಗಿ ಮಾರ್ಗದರ್ಶಿ ಪುಸ್ತಕ ಬರೆದ. 1985ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆತನಿಗೆ 64 ವರ್ಷ.

2012ರಿಂದ ಕಲಾಂಕ್ ರಾಷ್ಟ್ರೀಯ ಉದ್ಯಾನ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಅಪಾಯ ಹೆಚ್ಚಾದ ದಿನ ಒಳಗೆ ಬಿಡುವುದಿಲ್ಲ. ಉಳಿದ ದಿನ ಹೋಗುವಾಗ ಬೂಟು, ನೀರು ಇರಬೇಕು. ಈ ಗುಡ್ಡಗಳ ಬುಡದಲ್ಲೇ ಲುಮಿನಿ ಎಂಬಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಇಂಜಿನಿಯರಿಂಗ್ ಓದುವವರೂ ಅಲ್ಲಿದ್ದಾರೆ. ಕ್ಲಾಸು ಮುಗಿಸಿ ಚೀಲ ಹೆಗಲಿಗೇರಿಸಿ ಹೊರಟರೆ ಕಾಲುದಾರಿ ನೇರ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ನೀರು ಮುಟ್ಟಿ, ತಿರುಗಿ ಹತ್ತಲು ಶುರು ಮಾಡಬೇಕು. ಸೊನ್ನೆಯಿಂದ.