ಎಂಟು ಕಪ್ ಟೀ ಮತ್ತು ಫಿಶರ್

ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಎಲೆಕ್ಟ್ರಿಕ್ ಕೆಟಲ್ ಇದೆ. ವಾರ್ಡನ್‌ಗೆ ಗೊತ್ತಿಲ್ಲ, ದಯವಿಟ್ಟು ಯಾರೂ ಹೇಳಬೇಡಿ. ಹೋದ ತಿಂಗಳು ರೂಮ್‌ಮೇಟ್ ಊರಿಂದ ಬರುವಾಗ ಎರಡು ಡಬ್ಬಿ ಟೀ ಬ್ಯಾಗ್ ತಂದಿದ್ದ. ಒಂದು ಸಾದಾ, ಇನ್ನೊಂದು ಏಲಕ್ಕಿಯದು. ಏಲಕ್ಕಿಯದಕ್ಕೆ ದುಡ್ಡು ಜಾಸ್ತಿ. ಅದು ಬರೀ ಘಮ ಕಣೋ, ಮೂಗು ಮುಚ್ಚಿಕೊಂಡು ಕುಡಿದರೆ ಎರಡೂ ಒಂದೇ ಅನ್ನುವುದು ಅವನ ವಾದ. ನಾಲಿಗೆಗೂ ಗೊತ್ತಾಗುತ್ತೆ ಅನ್ನುವುದು ನನ್ನದು. ಮಸಾಲೆ ದೋಸೆಗೆ ಪಂದ್ಯ ಕಟ್ಟಿದೆವು.

ಪಂದ್ಯ ಹೇಗೆ ನಡೆಸುವುದು ಅಂತ ಯೋಚಿಸುವಾಗ ನೆನಪಾದವರು ರೊನಾಲ್ಡ್ ಫಿಶರ್. ಗಣಿತದ ಪೇಪರಿನಲ್ಲಿ ನಮ್ಮನ್ನು ಕಾಡುವ ಎಫ್ ಟೆಸ್ಟ್ ಇದೆಯಲ್ಲ, ಆ ಎಫ್ ಅಂದರೆ ಇವರೇ. ಸೂತ್ರ ಉರು ಹೊಡೆದಿದ್ದೆ, ಮನುಷ್ಯ ಯಾರೆಂದು ತಿಳಿದಿರಲಿಲ್ಲ. ಪಂದ್ಯದ ನೆಪದಲ್ಲಿ ಓದಿದೆ.

ಅವರು ಹುಟ್ಟಿದ್ದು 1890ರಲ್ಲಿ, ಲಂಡನ್ನಿನಲ್ಲಿ. ಚಿಕ್ಕಂದಿನಿಂದಲೂ ಕಣ್ಣು ತೀರಾ ಮಂಜು. ದೀಪದ ಬೆಳಕಿನಲ್ಲಿ ಓದುವಂತಿಲ್ಲ. ಹಾಗಾಗಿ ಸಂಜೆ ಪಾಠವೆಲ್ಲ ಪೆನ್ನು ಪೇಪರ್ ಇಲ್ಲದೆ ಕಿವಿಯಲ್ಲೇ. ಲೆಕ್ಕವನ್ನು ತಲೆಯೊಳಗೆ ಚಿತ್ರದ ಹಾಗೆ ಕಟ್ಟಿಕೊಳ್ಳುವ ಅಭ್ಯಾಸ ಬಂದದ್ದು ಹೀಗೆ. ಮುಂದೆ ಬೇರೆ ಗಣಿತಜ್ಞರಿಗೆ ಇವರ ಉತ್ತರ ಸಿಗುತ್ತಿತ್ತು, ನಡುವಿನ ಸ್ಟೆಪ್ಸ್ ಸಿಗುತ್ತಿರಲಿಲ್ಲವಂತೆ. ನಮ್ಮ ಪರೀಕ್ಷೆಯಲ್ಲಾಗಿದ್ದರೆ ಅರ್ಧ ಮಾರ್ಕ್ಸ್ ಹೋಗುತ್ತಿತ್ತು. ಹದಿನಾಲ್ಕನೇ ವಯಸ್ಸಿಗೆ ತಾಯಿ ತೀರಿಕೊಂಡರು, ಸ್ವಲ್ಪ ದಿನಕ್ಕೆ ತಂದೆಯ ವ್ಯಾಪಾರವೂ ಮುಳುಗಿತು. ಸ್ಕಾಲರ್‌ಶಿಪ್ ಸಿಕ್ಕಿದ್ದರಿಂದ 1909ರಲ್ಲಿ ಕೇಂಬ್ರಿಡ್ಜ್ ಸೇರಿದರು. ಯುದ್ಧ ಬಂದಾಗ ಸೈನ್ಯಕ್ಕೆ ಹೋದರೆ ಕಣ್ಣಿನ ಕಾರಣಕ್ಕೆ ವಾಪಸ್ ಕಳಿಸಿದರು. ಕೆಲವು ವರ್ಷ ಮನಸ್ಸಿಲ್ಲದ ಮನಸ್ಸಿನಿಂದ ಶಾಲಾ ಮೇಷ್ಟ್ರಾಗಿದ್ದರು.

1919ರಲ್ಲಿ ಎರಡು ಕೆಲಸ ಒಟ್ಟಿಗೆ ಬಂದವು. ಒಂದು, ಆಗಿನ ಸಂಖ್ಯಾಶಾಸ್ತ್ರದ ದೊಡ್ಡ ಹೆಸರು ಕಾರ್ಲ್ ಪಿಯರ್ಸನ್ ಅವರ ಲ್ಯಾಬಿನಲ್ಲಿ. ಇನ್ನೊಂದು ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಅದೂ ತಾತ್ಕಾಲಿಕ. ಫಿಶರ್ ಹೊಲವನ್ನೇ ಆರಿಸಿಕೊಂಡರು. ನಾನಾಗಿದ್ದರೆ ಖಂಡಿತ ದೊಡ್ಡ ಹೆಸರಿನ ಹಿಂದೆ ಹೋಗುತ್ತಿದ್ದೆ. ಅಲ್ಲಿ 1843ರಿಂದ ಯಾವ ಗೊಬ್ಬರಕ್ಕೆ ಎಷ್ಟು ಗೋಧಿ ಬಂತು ಎಂಬ ಲೆಕ್ಕ ರಾಶಿ ಬಿದ್ದಿತ್ತು. ಬೆಳೆ ಹೆಚ್ಚಿದ್ದು ಗೊಬ್ಬರದಿಂದಲೋ, ಮಳೆಯಿಂದಲೋ, ಮಣ್ಣಿನಿಂದಲೋ ಬಿಡಿಸಿ ಹೇಳುವುದು ಇವರ ಕೆಲಸ. ನಾವು ಓದುವ ಅನೋವಾ ಬೆಳೆದದ್ದು ಈ ಹೊಲದಲ್ಲಿ.

ಟೀ ಪ್ರಸಂಗವೂ ಅಲ್ಲಿಯದೇ, 1920ರ ದಶಕದ ಆರಂಭದ್ದು. ಸಂಜೆ ಟೀ ಹೊತ್ತಿಗೆ ಫಿಶರ್ ಒಂದು ಕಪ್ ತುಂಬಿ ಸಹೋದ್ಯೋಗಿ ಮ್ಯೂರಿಯಲ್ ಬ್ರಿಸ್ಟಲ್ ಅವರಿಗೆ ಕೊಟ್ಟರು. ಆಕೆ ಪಾಚಿಗಳ ವಿಜ್ಞಾನಿ. ಹಾಲು ಮೊದಲು ಹಾಕಿದ್ದರೆ ಮಾತ್ರ ಕುಡಿಯುತ್ತೇನೆ, ರುಚಿ ಬೇರೆಯಿರುತ್ತದೆ ಎಂದರು. ಎಲ್ಲರೂ ನಕ್ಕಿರಬೇಕು. ವಿಲಿಯಂ ರೋಚ್ ಎಂಬ ಇನ್ನೊಬ್ಬ ವಿಜ್ಞಾನಿ ಪರೀಕ್ಷೆ ಮಾಡಿಯೇ ಬಿಡೋಣ ಎಂದರು. ಆಮೇಲೆ ಬ್ರಿಸ್ಟಲ್ ಮದುವೆಯಾದದ್ದು ಈ ರೋಚ್ ಅವರನ್ನೇ.

ಫಿಶರ್ 1935ರಲ್ಲಿ ಬರೆದ ಪುಸ್ತಕದಲ್ಲಿ ಈ ಪರೀಕ್ಷೆಯ ಲೆಕ್ಕವಿದೆ. ಎಂಟು ಕಪ್. ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಟೀ ಮೊದಲು. ಕೊಡುವ ಕ್ರಮ ಅದೃಷ್ಟಕ್ಕೆ ಬಿಟ್ಟದ್ದು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಸುಮ್ಮನೆ ಊಹಿಸುವವರು ಎಲ್ಲವನ್ನೂ ಸರಿ ಹೇಳುವ ಸಾಧ್ಯತೆ 70ಕ್ಕೆ ಒಂದು. ಫಲಿತಾಂಶವನ್ನು ಅವರು ಬರೆಯಲಿಲ್ಲ. ಆಕೆ ಎಂಟನ್ನೂ ಸರಿ ಹೇಳಿದರು ಎಂಬ ಮಾತಿದೆ.

ನಮ್ಮ ಪಂದ್ಯಕ್ಕೂ ಅದೇ ನಿಯಮ. ಟೀ ಮಾಡಿದ್ದು, ಚೀಟಿ ಎತ್ತಿ ಸಾಲಾಗಿ ಜೋಡಿಸಿದ್ದು ಪಕ್ಕದ ರೂಮಿನವನು. ಎಲ್ಲಕ್ಕೂ ಒಂದೇ ನೀರು, ಮೂರು ನಿಮಿಷ, ಹಾಲು ಸಕ್ಕರೆ ಇಲ್ಲ. ನನ್ನ ಮೂಗಿಗೆ ಬಟ್ಟೆ ಕ್ಲಿಪ್. ಮೂಗು ಮುಚ್ಚಿದರೆ ಟೀ ಎಷ್ಟು ಬಡವಾಗುತ್ತದೆ ಅಂತ ಅವತ್ತೇ ಗೊತ್ತಾದದ್ದು. ಬಿಸಿ, ಕಹಿ, ಸ್ವಲ್ಪ ಒಗರು, ಅಷ್ಟೇ. ನಾಲ್ಕು ಏಲಕ್ಕಿ ಕಪ್‌ಗಳಲ್ಲಿ ಮೂರನ್ನು ಸರಿ ಹೇಳಿದೆ. ಕುಣಿದಾಡಿದೆ. ರೂಮ್‌ಮೇಟ್ ಪೇಪರ್ ತೆಗೆದ. ಮೂರು ಸರಿಯಾಗಲು 16 ದಾರಿ, ನಾಲ್ಕೂ ಸರಿಯಾಗಲು ಒಂದು. ಒಟ್ಟು 70ಕ್ಕೆ 17. ಅಂದರೆ ಏನೂ ಗೊತ್ತಿಲ್ಲದವನೂ ನಾಲ್ಕು ಸಲಕ್ಕೆ ಹೆಚ್ಚುಕಡಿಮೆ ಒಂದು ಸಲ ಇಷ್ಟು ಹೇಳಬಲ್ಲ. ಕ್ಲಿಪ್ ತೆಗೆದ ಮೇಲೆ ಎಂಟೂ ಕಪ್ ಕುಡಿಯುವ ಮೊದಲೇ ಗೊತ್ತಾದವು. ದೋಸೆ ನಾನೇ ಕೊಡಿಸಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಫಿಶರ್ ನನ್ನ ಹೀರೊ ಆಗಿರುತ್ತಿದ್ದರು. ಮುಂದೆ ಓದಿದೆ. ಮೇಲ್ವರ್ಗದವರ ಸಂತಾನ ಹೆಚ್ಚಬೇಕೆಂಬ ಯುಜೆನಿಕ್ಸ್ ವಾದವನ್ನು ಅವರು ಬೆಂಬಲಿಸಿದ್ದರು. ಅದಕ್ಕಿಂತ ನನಗೆ ನೇರವಾಗಿ ಚುಚ್ಚಿದ್ದು ಇನ್ನೊಂದು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ನಂಟಿದೆ ಎಂದು ಡಾಲ್ ಮತ್ತು ಹಿಲ್ 1950ರಲ್ಲೇ ತೋರಿಸಿದ್ದರು. ಸದಾ ಪೈಪ್ ಸೇದುತ್ತಿದ್ದ ಫಿಶರ್ 1957ರಿಂದ ಅದರ ವಿರುದ್ಧ ಬರೆಯತೊಡಗಿದರು. ಸೇದುವ ಚಟವನ್ನೂ ಕ್ಯಾನ್ಸರನ್ನೂ ಒಂದೇ ವಂಶವಾಹಿ ತಂದಿರಬಹುದಲ್ಲ ಎಂಬುದು ವಾದ. ಮನುಷ್ಯರನ್ನು ಕಪ್‌ಗಳ ಹಾಗೆ ಚೀಟಿ ಎತ್ತಿ ಎರಡು ಗುಂಪು ಮಾಡಲಾಗುವುದಿಲ್ಲ, ಅದು ನಿಜ. ಆದರೆ ಸಾಕ್ಷ್ಯ ರಾಶಿಯಾಗುತ್ತಿದ್ದಾಗಲೂ ಅವರು ಬದಲಾಗಲಿಲ್ಲ. ತಂಬಾಕು ಕಂಪನಿಗಳ ಸಲಹೆಗಾರರೂ ಆಗಿದ್ದರು. ಒಂದು ಕಪ್ ಟೀ ಬಗ್ಗೆ ಸಹೋದ್ಯೋಗಿ ಹೇಳಿದ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಮನುಷ್ಯ ಇವರೇನಾ ಅನಿಸಿತು. 1962ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ತೀರಿಕೊಂಡರು.

ನಮ್ಮ ದೊಡ್ಡಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ನಾನು ಪಿಯುಸಿಯಲ್ಲಿದ್ದಾಗ ಬಿಡಿ ಎಂದು ಹೇಳಿದ್ದಕ್ಕೆ, ಊರ ಕೊನೆಮನೆಯ ತಾತ ತೊಂಬತ್ತರವರೆಗೂ ಸೇದಿ ಗಟ್ಟಿಯಾಗಿದ್ದನಲ್ಲ ಎಂದು ನಕ್ಕಿದ್ದರು. ಉತ್ತರ ಹೊಳೆಯದೆ ಸುಮ್ಮನಾದೆ. ಹೋದ ವರ್ಷ ಶ್ವಾಸಕೋಶದ ಕ್ಯಾನ್ಸರ್‌ನಿಂದ ದೊಡ್ಡಪ್ಪ ಹೋದರು. ಆ ತಾತ ಒಂದೇ ಒಂದು ಕಪ್ ದೊಡ್ಡಪ್ಪ ಎಂದು ಹೇಳಲು ಆಗ ನನಗೆ ಬರುತ್ತಿರಲಿಲ್ಲ.