ಹರಿದು ಹಂಚಿದ ನಾಡನ್ನು ಬೆಸೆದ ಧುರೀಣ ಎಸ್. ನಿಜಲಿಂಗಪ್ಪನವರು

ಬಳ್ಳಾರಿ ಸೀಮೆಯಲ್ಲಿ ಜನಿಸಿ, ಚಿತ್ರದುರ್ಗವನ್ನು ಕರ್ಮಭೂಮಿಯನ್ನಾಗಿಸಿಕೊಂಡು, ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದ ಮಹನೀಯರು ಶ್ರೀ ಎಸ್. ನಿಜಲಿಂಗಪ್ಪನವರು. ರಾಷ್ಟ್ರದ ರಾಜಕಾರಣದಲ್ಲಿ ಕನ್ನಡಿಗರ ಅಹವಾಲಿಗೆ ಮನ್ನಣೆ ದೊರಕಿಸಿದ ನಾಯಕರ ಸಾಲಿನಲ್ಲಿ ಅವರಿಗೆ ಅಗ್ರಸ್ಥಾನವಿದೆ.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದ ಲಿಂಗಾಯತ ಕುಟುಂಬವೊಂದರಲ್ಲಿ 1902ನೆಯ ಡಿಸೆಂಬರ್ 10ರಂದು ಅವರ ಜನನವಾಯಿತು. ಚಿಕ್ಕಂದಿನಲ್ಲಿಯೇ ಪಿತೃವಿಯೋಗವಾದರೂ ವಿದ್ಯಾಭ್ಯಾಸ ಕುಂಠಿತವಾಗಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1924ರಲ್ಲಿ ಪದವೀಧರರಾಗಿ, 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿಯನ್ನು ಪಡೆದು, ಚಿತ್ರದುರ್ಗದಲ್ಲಿ ವಕೀಲಿವೃತ್ತಿಯನ್ನು ಕೈಗೊಂಡರು. ಹುಟ್ಟಿದ ಊರು ಮದರಾಸು ಪ್ರಾಂತದಲ್ಲಿ, ವೃತ್ತಿ ನಡೆಸಿದ ಊರು ಮೈಸೂರು ಸಂಸ್ಥಾನದಲ್ಲಿ! ಕನ್ನಡ ನಾಡು ಹೇಗೆ ಛಿದ್ರವಾಗಿತ್ತೆಂಬುದನ್ನು ಅವರಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಸೇವಾದಳದ ಸಂಸ್ಥಾಪಕರಾದ ಡಾ. ನಾ. ಸು. ಹರ್ಡೀಕರರ ಸಂಪರ್ಕವು 1936ರಲ್ಲಿ ಅವರನ್ನು ಸಕ್ರಿಯ ರಾಜಕಾರಣಕ್ಕೆ ಸೆಳೆಯಿತು. 1939ರಲ್ಲಿ ತುರುವನೂರಿನ ಅರಣ್ಯ ಸತ್ಯಾಗ್ರಹದ ನೇತೃತ್ವ ವಹಿಸಿ ಸೆರೆವಾಸವನ್ನು ಅನುಭವಿಸಿದರು. ಮುಂದೆ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿ, 1952ರಿಂದ ಚಿತ್ರದುರ್ಗದ ಲೋಕಸಭಾ ಸದಸ್ಯರಾಗಿ ಏಕೀಕರಣದ ಪ್ರಶ್ನೆಯನ್ನು ದೆಹಲಿಗೆ ಕೊಂಡೊಯ್ದರು.

ಆ ಕಾರ್ಯ ಸುಲಭಸಾಧ್ಯವಾಗಿರಲಿಲ್ಲ. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರಿನ ಹೊರಗೆ ಎಲ್ಲಿಯೂ ಅವರ ಮಾತೇ ಕೊನೆಯ ಮಾತಾಗುವಂತಿರಲಿಲ್ಲ. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದುದರಿಂದ ಕೇಂದ್ರದ ಮುಖಂಡರು ಭಾಷಾವಾರು ಪ್ರಾಂತಗಳೆಂದರೆ ಅಂಜುತ್ತಿದ್ದರು. 1948ರ ದಾರ್ ಆಯೋಗವು ಬೇಡಿಕೆಯನ್ನು ತಳ್ಳಿಹಾಕಿತು. 1949ರ ನೆಹರೂ–ಪಟೇಲ್–ಪಟ್ಟಾಭಿ ಸಮಿತಿಯೂ ಅದನ್ನು ಮುಂದೂಡುವ ಸಲಹೆಯನ್ನೇ ನೀಡಿತು. ಇತ್ತ ನಾಡಿನೊಳಗೆ ಜನರ ಸಹನೆ ಮೀರಿತ್ತು. ಅದರಗುಂಚಿಯ ಶಂಕರಗೌಡ ಪಾಟೀಲರ ಉಪವಾಸದ ಸಂದರ್ಭದಲ್ಲಿ, 1953ರ ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಸೇರಿದ್ದ ಪ್ರದೇಶ ಕಾಂಗ್ರೆಸ್ ಸಭೆಯ ಎದುರಿನಲ್ಲಿಯೇ ಜನಾಕ್ರೋಶ ಸಿಡಿಯಿತು. ವರಿಷ್ಠರ ನಿಧಾನ ಒಂದು ಕಡೆ, ಸ್ವಜನರ ಕೋಪ ಇನ್ನೊಂದು ಕಡೆ. ಇವೆರಡರ ನಡುವೆ ನಿಂತು ಸಂಘಟನೆ ಒಡೆಯದಂತೆ ಕಾಯುವ ಹೊಣೆ ನಿಜಲಿಂಗಪ್ಪನವರ ಹೆಗಲಿಗೆ ಬಿದ್ದಿತ್ತು.

1953ರ ಅಕ್ಟೋಬರ್ 1ರಂದು ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಸೇರಿತು. ಆದರೆ ನೆಮ್ಮದಿ ಬಹುಕಾಲ ನಿಲ್ಲಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರಾ ಯೋಜನೆಯ ಹಿತವನ್ನು ಮುಂದಿಟ್ಟು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಮಲ್ಲಾಪುರದ ಒಂದಂಶವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಅದು ನಡೆದಿದ್ದರೆ ಕನ್ನಡ ಸಾಮ್ರಾಜ್ಯದ ಹೆಗ್ಗುರುತಾದ ಹಂಪೆಯೇ ಕರ್ನಾಟಕದ ಗಡಿಯಾಚೆಗೆ ಉಳಿಯುತ್ತಿತ್ತು. ಬಳ್ಳಾರಿ–ಹೊಸಪೇಟೆ ದಾರಿಯ ನಡುವಣ ತೋರಣಗಲ್ಲಿನ ಎಡಬಲಗಳೆರಡೂ ಪರರಾಜ್ಯವಾಗುತ್ತಿದ್ದವು. ಪಕ್ಷಭೇದವಿಲ್ಲದೆ ಕನ್ನಡಿಗರು ಒಕ್ಕೊರಲಿನಿಂದ ಪ್ರತಿಭಟಿಸಿದರು. ಕೇಂದ್ರ ಸರ್ಕಾರವು ಆ ಶಿಫಾರಸನ್ನು ಕೈಬಿಟ್ಟಿತು.

ಒಳಗಿನ ಅಡ್ಡಿಯೂ ಚಿಕ್ಕದಾಗಿರಲಿಲ್ಲ. ವಿಶಾಲ ರಾಜ್ಯದಲ್ಲಿ ಲಿಂಗಾಯತರ ಪ್ರಾಬಲ್ಯ ಹೆಚ್ಚೀತೆಂಬ ಶಂಕೆ ಹಳೆಯ ಮೈಸೂರಿನ ಅನೇಕರಲ್ಲಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಸ್ವಪ್ರದೇಶದ ವಿರೋಧವನ್ನೂ ಲೆಕ್ಕಿಸದೆ ಏಕೀಕರಣವನ್ನು ಬೆಂಬಲಿಸಿದರು. ಜಾತಿಯ ಎಲ್ಲೆಯನ್ನು ದಾಟಿದ ಇಂಥ ಸಹಕಾರವಿಲ್ಲದೆ ನಾಡು ಒಂದಾಗುತ್ತಿರಲಿಲ್ಲ. 1956ರ ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾಗಿ ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡರು. 1958ರಲ್ಲಿ ಪಕ್ಷದೊಳಗಿನ ಭಿನ್ನಮತದಿಂದ ಪದವಿಯನ್ನು ತೊರೆದರು. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತರೂ, ಬಾಗಲಕೋಟೆಯಿಂದ ಅವಿರೋಧವಾಗಿ ಆಯ್ಕೆಯಾಗಿ ಮತ್ತೆ ಮುಖ್ಯಮಂತ್ರಿಗಳಾಗಿ 1968ರವರೆಗೆ ರಾಜ್ಯವನ್ನು ನಡೆಸಿದರು. ಅದೇ ವರ್ಷ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷಪದ ಅವರಿಗೆ ಒಲಿದಿತ್ತು.

ಆದರೆ ನಾಡನ್ನು ಬೆಸೆದವರಿಗೆ ಪಕ್ಷವನ್ನು ಒಂದಾಗಿ ಉಳಿಸಿಕೊಳ್ಳಲಾಗಲಿಲ್ಲ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಸಂಜೀವರೆಡ್ಡಿಯವರು ಸೋತು ವಿ. ವಿ. ಗಿರಿಯವರು ಗೆದ್ದ ಬಳಿಕ, ಅಧ್ಯಕ್ಷರಿಗೂ ಪ್ರಧಾನಿ ಇಂದಿರಾ ಗಾಂಧಿಯವರಿಗೂ ನಡುವಣ ಬಿರುಕು ಹಿಗ್ಗಿ, ನವೆಂಬರಿನಲ್ಲಿ ಕಾಂಗ್ರೆಸ್ಸು ಇಬ್ಭಾಗವಾಯಿತು. ಏಕೀಕರಣದಲ್ಲಿ ನಾಯಕರ ಹಿಂದೆ ಜನಸಾಮಾನ್ಯರ ಒತ್ತಾಸೆಯಿತ್ತು; ಪಕ್ಷದ ಕಲಹದಲ್ಲಿ ಅದು ಪ್ರಧಾನಿಯವರ ಕಡೆಗೆ ವಾಲಿತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೇ ಸಂದವು. ಜನಬಲ ಜೊತೆಗಿಲ್ಲದಿದ್ದರೆ ಉನ್ನತ ಪೀಠವೂ ನಿರ್ಬಲವೆಂಬ ಪಾಠ ಈ ಎರಡು ಅಧ್ಯಾಯಗಳಲ್ಲಿ ಅಡಗಿದೆ.

2000ನೆಯ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ಅವರು ಲಿಂಗೈಕ್ಯರಾದರು. ಈ ಸೀಮೆಯ ಮಕ್ಕಳು ಇಂದು ಕರ್ನಾಟಕದ ಮಕ್ಕಳಾಗಿಯೇ ಶಾಲೆಯ ಮೆಟ್ಟಿಲೇರುತ್ತಿರುವುದರ ಹಿಂದೆ ಅವರೂ ಅವರ ಸಹಯೋಗಿಗಳೂ ಸವೆಸಿದ ದೀರ್ಘ ಹಾದಿಯಿದೆ. ಆ ಕಥೆಯನ್ನು ಎಳೆಯರಿಗೆ ತಿಳಿಸಿಕೊಡುವುದು ಅಧ್ಯಾಪಕರ ಮತ್ತು ಹಿರಿಯರ ಕರ್ತವ್ಯವಾಗಿದೆ.